ಗುಂಡಿ ಡಬ್ಬದ ಮಾತ್ರೆಗಳು

ಉರಿಮೂತ್ರ ಯಾರ ಮನೆಯಲ್ಲಿ ಇಲ್ಲ ಹೇಳಿ. ನಾಚಿಕೆಯಿಂದ ಬಾಯಿ ಬಿಡುವುದಿಲ್ಲ, ಅಷ್ಟೆ. ನಮ್ಮ ಅತ್ತಿಗೆಗೆ ಈ ವರ್ಷ ಅದು ಮೂರನೇ ಸಲ ಬಂದಿತ್ತು. ಮೊದಲನೇ ಸಲ ಡಾಕ್ಟರು ಐದು ದಿನಕ್ಕೆ ಕೊಟ್ಟ ಮಾತ್ರೆಯನ್ನು ಎರಡು ದಿನ ನುಂಗಿ, ಉರಿ ಕಡಿಮೆಯಾಯಿತೆಂದು ನಿಲ್ಲಿಸಿದಳು. ಎರಡನೇ ಸಲವೂ ಅದೇ ರಾಗ. ಮೂರನೇ ಸಲ ಉರಿಯ ಜೊತೆಗೆ ಮೈ ಬೆಚ್ಚಗಾಯಿತು, ಸೊಂಟದ ಮೇಲೆ ಒಂದು ಪಕ್ಕದಲ್ಲಿ ನೋವು ಕಾಣಿಸಿಕೊಂಡಿತು. ಈ ಕಥೆ ಆ ಮೂರನೇ ಸಲದ್ದು. ಹೇಳುವಾಗ ನನಗೆ ಸಿಟ್ಟು ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಹದಿನಾಲ್ಕು ವರ್ಷದಿಂದ ಊರವರ ಮೂತ್ರ, ಕಫ, ಕೀವು ನೋಡಿಕೊಂಡೇ ಅನ್ನ ತಿಂದಿದ್ದೇನೆ. ಯಾರಿಗೆ ಯಾವ ಕ್ರಿಮಿ ಹತ್ತಿದೆ, ಅದಕ್ಕೆ ಯಾವ ಮದ್ದು ನಾಟುತ್ತದೆ, ಯಾವುದು ನಾಟುವುದಿಲ್ಲ ಎಂದು ಪರೀಕ್ಷೆ ಮಾಡಿ ಹೇಳುವುದು ನನ್ನ ಕೆಲಸ. ನಾನು ಹೇಳಿದ್ದನ್ನು ಡಾಕ್ಟರು ಕೇಳುತ್ತಾರೆ, ನರ್ಸು ಕೇಳುತ್ತಾರೆ, ಎದುರುಮನೆಯ ಅಜ್ಜಿ ಕೂಡ ಕೇಳುತ್ತಾರೆ. ಕೇಳದವನು ಒಬ್ಬನೇ, ನನ್ನ ಒಡಹುಟ್ಟಿದ ಅಣ್ಣ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿಲ್ಲ ಹಿರಿಯರು.

ಅಣ್ಣ ದರ್ಜಿ. ಕುತ್ತಿಗೆಯಿಂದ ಅಳತೆ ಟೇಪು ಇಳಿಸಿದ್ದನ್ನು ನೋಡಿದವರಿಲ್ಲ, ಹಾಗಾಗಿ ಬೀದಿಯವರಿಗೆಲ್ಲ ಅವನು ಟೇಪಣ್ಣ. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆ. ಒಂದು ಯಂತ್ರ ಅವನದು, ಇನ್ನೊಂದು ಅತ್ತಿಗೆಯದು. ಕಾಜ ಹಾಕುವುದು, ಗುಂಡಿ ಹಚ್ಚುವುದು, ಅಂಚು ಮಡಿಸುವುದು ಎಲ್ಲ ಅವಳ ಪಾಲು. ಆಗ ಶಾಲೆ ಶುರುವಾಗುವ ಹೊತ್ತು, ಎಂಬತ್ತು ಜೊತೆ ಸಮವಸ್ತ್ರ ಹೊಲಿದು ಕೊಡಬೇಕಿತ್ತು. ಅತ್ತಿಗೆ ಬೆಳಿಗ್ಗೆ ಕೂತವಳು ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಎದ್ದರೆ ಹಿತ್ತಲ ಬಚ್ಚಲಿಗೆ ಹೋಗಬೇಕು, ಅದರ ಬಾಗಿಲಿನ ಚಿಲಕ ಮುರಿದು ಆರು ತಿಂಗಳಾಗಿತ್ತು. ಏಳುವುದೇ ಬೇಡವೆಂದು ನೀರನ್ನೇ ಕುಡಿಯುತ್ತಿರಲಿಲ್ಲ. ಇಂಥವಳಿಗೆ ಉರಿಮೂತ್ರ ಬರದೆ ಇನ್ನೇನು ಬರುತ್ತದೆ?

ಅಣ್ಣನ ಇನ್ನೊಂದು ಗುಣ ಹೇಳಲೇಬೇಕು. ಅವನು ಏನನ್ನೂ ಬಿಸಾಡುವುದಿಲ್ಲ. ಚೂರು ಬಟ್ಟೆ, ತುಂಡು ದಾರ, ಹಳೇ ಅಂಗಿಯ ಗುಂಡಿ, ಎಲ್ಲವೂ ಒಂದು ಬಿಸ್ಕತ್ತಿನ ಡಬ್ಬಕ್ಕೆ ಹೋಗುತ್ತದೆ. ಯಾರಾದರೂ ಗುಂಡಿ ಬಿದ್ದ ಅಂಗಿ ತಂದರೆ ಆ ಡಬ್ಬ ಕೆದಕಿ, ಅದೇ ಬಣ್ಣ, ಅದೇ ಅಳತೆಯ ಗುಂಡಿ ಹುಡುಕಿ ಹಚ್ಚುತ್ತಾನೆ. ಅದರಲ್ಲಿ ಅವನಿಗೆ ಬಹಳ ಹೆಮ್ಮೆ. ಅದೇ ಡಬ್ಬದ ಮೇಲಿನ ಖಾನೆಯಲ್ಲಿ ಮನೆಯವರು ನುಂಗಿ ಉಳಿಸಿದ ಮಾತ್ರೆಗಳೂ ಇರುತ್ತಿದ್ದವು. ನಾನು ಅದನ್ನು ನೋಡಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಮ್ಮೆ ತಲೆನೋವಿಗೆ ನಾನೇ ಅದರಿಂದ ಒಂದು ಮಾತ್ರೆ ತೆಗೆದುಕೊಂಡಿದ್ದೆ. ಆ ದಿನವೇ ಬಾಯಿ ಬಿಟ್ಟು ಬೈದಿದ್ದರೆ ಈ ಕಥೆ ಬರೆಯುವ ಕೆಲಸ ಇರುತ್ತಿರಲಿಲ್ಲ.

ಸೋಮವಾರ ಅತ್ತಿಗೆಯನ್ನು ನಾನೇ ನಮ್ಮ ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಅಣ್ಣನೂ ಬಂದಿದ್ದ. ಡಾಕ್ಟರಮ್ಮ ಹಳೇ ಚೀಟಿಗಳನ್ನು ನೋಡಿ, ಪದೇ ಪದೇ ಬರುತ್ತಿದೆ ಅಂದಮೇಲೆ ಈ ಸಲ ಕಣ್ಣುಮುಚ್ಚಿ ಮಾತ್ರೆ ಕೊಡುವುದಿಲ್ಲ ಎಂದರು. ಮೂತ್ರವನ್ನು ಕಲ್ಚರ್ ಪರೀಕ್ಷೆಗೆ ಕಳಿಸಬೇಕು, ಮಾದರಿ ಕೊಟ್ಟ ಮೇಲೆಯೇ ಹೊಸ ಮಾತ್ರೆ ಶುರು ಮಾಡಬೇಕು, ರಿಪೋರ್ಟು ಬಂದ ಮೇಲೆ ಬೇಕಾದರೆ ಬದಲಾಯಿಸುತ್ತೇನೆ ಎಂದರು. ಮಾದರಿ ಮೊದಲು, ಮಾತ್ರೆ ಆಮೇಲೆ ಎಂದು ಎರಡೆರಡು ಸಲ ಹೇಳಿದರು.

ರಿಪೋರ್ಟಿಗೆ ಎರಡು ಮೂರು ದಿನ ಬೇಕು ಎಂದು ಕೇಳಿದ್ದೇ ಅಣ್ಣನ ಮುಖ ಗಂಟಿಕ್ಕಿತು. ಹೊರಗೆ ಬಂದವನೇ ನನ್ನನ್ನು ಹಿಡಿದುಕೊಂಡ.

"ಮೂರು ದಿನ ಏನ್ ನೋಡ್ತೀರಿ ಅದ್ರಲ್ಲಿ? ಮೂರು ದಿನದಲ್ಲಿ ನಾನು ಇಪ್ಪತ್ತು ಜೊತೆ ಹೊಲಿದು ಕೊಡ್ತೀನಿ."

ಕ್ರಿಮಿ ಬೆಳೆಯಲು ಒಂದು ದಿನ ಬೇಕು, ಅದರ ಮೇಲೆ ಮದ್ದು ಇಟ್ಟು ನೋಡಲು ಇನ್ನೊಂದು ದಿನ ಬೇಕು ಎಂದು ಹೇಳಿದೆ. ಕ್ರಿಮಿ ನಿನ್ನ ಹೊಲಿಗೆ ಯಂತ್ರವಲ್ಲ, ಕಾಲಿನಿಂದ ತುಳಿದರೆ ಬೇಗ ಓಡುವುದಿಲ್ಲ ಎಂದೂ ಹೇಳಿದೆ. ಅತ್ತಿಗೆಯ ಕೈಗೆ ಬಿಗಿ ಮುಚ್ಚಳದ ಹೊಸ ಡಬ್ಬಿ ಕೊಟ್ಟು, ಶುಚಿಯಾಗಿ ತೊಳೆದುಕೊಂಡು, ಮೊದಲು ಸ್ವಲ್ಪ ಬಿಟ್ಟು ನಡುವಿನದನ್ನು ಹಿಡಿಯಬೇಕು, ಡಬ್ಬಿಯ ಒಳಗೆ ಬೆರಳು ತಾಗಿಸಬಾರದು ಎಂದು ತಿಳಿಸಿದೆ. ಇಲ್ಲೇ ಕೊಟ್ಟು ಹೋಗಿ ಎಂದರೆ ಅಣ್ಣ ಒಪ್ಪಲಿಲ್ಲ. ಬಟ್ಟೆ ಕತ್ತರಿಸುವುದು ಬಾಕಿ ಇದೆ, ಮನೆಯಿಂದ ಕಳಿಸುತ್ತೇನೆ ಎಂದು ಎಳೆದುಕೊಂಡೇ ಹೋದ.

ಮಧ್ಯಾಹ್ನ ಲ್ಯಾಬಿನ ಕಿಟಕಿಯ ಮುಂದೆ ನಿಂತು ಅವನು ನನ್ನ ಕೈಗೆ ಕೊಟ್ಟದ್ದು ಒಂದು ಕೆಮ್ಮಿನ ಔಷಧಿಯ ಬಾಟಲಿ. ಸೋಪು ಹಾಕಿ ಮೂರು ಸಲ ತೊಳೆದಿದ್ದೇನೆ, ನಿಮ್ಮ ಡಬ್ಬಿಗಿಂತ ಚೊಕ್ಕಟವಾಗಿದೆ ಎಂದ. ನಾನು ಕೊಟ್ಟ ಡಬ್ಬಿ ಎಲ್ಲಿ ಎಂದರೆ, ಅಷ್ಟು ಒಳ್ಳೆಯ ಡಬ್ಬಿಯನ್ನು ಇದಕ್ಕೆ ಯಾರಾದರೂ ಬಳಸುತ್ತಾರೆಯೇ, ಅದರಲ್ಲಿ ಹುಕ್ಕುಗಳನ್ನು ತುಂಬಿಟ್ಟಿದ್ದೇನೆ ಎಂದ.

ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಸೋಪಿನಿಂದ ತೊಳೆದ ಬಾಟಲಿ ಕಣ್ಣಿಗೆ ಚೊಕ್ಕಟ, ಆದರೆ ಅದರೊಳಗೆ ಕಾಣದ ಕ್ರಿಮಿಗಳು ಉಳಿದಿರುತ್ತವೆ. ಅವೂ ಬೆಳೆದುಬಿಟ್ಟರೆ ಕಾಯಿಲೆ ತಂದದ್ದು ಯಾವುದು, ಬಾಟಲಿಯದು ಯಾವುದು ಎಂದು ನಾನು ಹೇಗೆ ಹೇಳಲಿ? ಬಾಟಲಿ ವಾಪಸು ಮಾಡಿ ಇನ್ನೊಂದು ಡಬ್ಬಿ ಕೊಟ್ಟೆ. ಇದರಲ್ಲಿ ಗುಂಡಿ ತುಂಬಿದರೆ ಅಪ್ಪನ ಆಣೆ ಎಂದೆ. ಸೋಮವಾರ ಹಾಗೆ ಹೋಯಿತು.

ಮಂಗಳವಾರ ಬೆಳಿಗ್ಗೆ ಸರಿಯಾದ ಡಬ್ಬಿಯಲ್ಲಿ ಮಾದರಿ ಬಂತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೀವಿನ ಕಣಗಳು ತುಂಬಿ ತುಳುಕುತ್ತಿದ್ದವು. ಸರಿ, ಕಳ್ಳ ಒಳಗೇ ಇದ್ದಾನೆ ಅಂದುಕೊಂಡೆ. ಸಣ್ಣ ತಂತಿಯ ಬಳೆಯಲ್ಲಿ ಒಂದಿಷ್ಟು ಅದ್ದಿ, ಕ್ರಿಮಿಗೆ ಆಹಾರ ಹಾಕಿದ ತಟ್ಟೆಯ ಮೇಲೆ ಗೆರೆ ಎಳೆದು, ಬೆಚ್ಚನೆಯ ಪೆಟ್ಟಿಗೆಯಲ್ಲಿ ಇಟ್ಟೆ. ಬುಧವಾರ ತೆಗೆದು ನೋಡಿದರೆ ತಟ್ಟೆಯ ಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕೆ. ತೀರ್ಮಾನ ಹೇಳಲು ಏನೇನೂ ಸಾಲದು. ಇನ್ನೊಮ್ಮೆ ಮಾದರಿ ಕಳಿಸಬೇಕು ಎಂದು ಬರೆದು, ಅಣ್ಣನಿಗೆ ಫೋನು ಮಾಡಿದೆ. ಅವನು ಗೆದ್ದವನಂತೆ ನಕ್ಕ. ಕ್ರಿಮಿ ಸ್ವಲ್ಪ ಇದೆ ಅಂದರೆ ಕಾಯಿಲೆಯೂ ಸ್ವಲ್ಪ ಎಂದ. ಅವನು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು.

ಕೀವು ಅಷ್ಟಿದ್ದು ಕ್ರಿಮಿ ಇಷ್ಟೇ ಏಕೆ? ನನಗೆ ಕೂರಲಾಗಲಿಲ್ಲ. ಅರ್ಧ ದಿನ ರಜೆ ಹಾಕಿ ಅವರ ಮನೆಗೆ ಹೋದೆ.

ಅತ್ತಿಗೆ ಯಂತ್ರದ ಮುಂದೆಯೇ ಇದ್ದಳು. ಹೊಲಿಯುತ್ತಿರಲಿಲ್ಲ, ಯಂತ್ರಕ್ಕೆ ಹಣೆ ಊರಿ ಕೂತಿದ್ದಳು. ಹೆಗಲ ಮೇಲೆ ಸಮವಸ್ತ್ರದ ಬಟ್ಟೆಯನ್ನೇ ಹೊದ್ದು ನಡುಗುತ್ತಿದ್ದಳು. ಮೈ ಮುಟ್ಟಿದರೆ ಕಾದ ಇಸ್ತ್ರಿ ಪೆಟ್ಟಿಗೆ. ಬೆಳಿಗ್ಗೆಯಿಂದ ಏನು ನುಂಗಿದರೂ ವಾಂತಿ ಎಂದಳು. ಮಾದರಿ ಕೊಡುವ ಮೊದಲು ಏನಾದರೂ ಮಾತ್ರೆ ತೆಗೆದುಕೊಂಡಿದ್ದೆಯಾ ಎಂದು ಕೇಳಿದೆ. ಅವಳು ಅಣ್ಣನ ಕಡೆ ನೋಡಿದಳು. ಅಣ್ಣ ಕತ್ತರಿಯ ಕಡೆ ನೋಡಿದ.

ಆಮೇಲೆ ಒಂದೊಂದಾಗಿ ಹೊರಬಿತ್ತು. ಮಂಗಳವಾರ ಬೆಳಗಿನ ಜಾವ ಉರಿ ತಾಳಲಾಗದೆ ಅವಳು ಅತ್ತಿದ್ದಳು. ಲ್ಯಾಬು ತೆರೆಯುವವರೆಗೆ ಯಾಕೆ ಒದ್ದಾಡಬೇಕೆಂದು ಇವನು ಡಬ್ಬದಿಂದ ಎರಡು ಮಾತ್ರೆ ಕೊಟ್ಟಿದ್ದ. ಆಮೇಲೆ ಮೂತ್ರ ಹಿಡಿದು ಕಳಿಸಿದ್ದ. ಡಾಕ್ಟರಮ್ಮ ಬರೆದುಕೊಟ್ಟ ಹೊಸ ಮಾತ್ರೆ ಏನಾಯಿತು ಎಂದೆ. ಹಳೆಯದು ಇರುವಾಗ ಹೊಸದನ್ನು ಯಾಕೆ ಒಡೆಯಬೇಕು, ಮುಂದಿನ ಸಲಕ್ಕೆ ಇರಲಿ ಎಂದು ಅದನ್ನೂ ಡಬ್ಬಕ್ಕೆ ಹಾಕಿದ್ದನಂತೆ.

"ಹಳೇದು ಐದು ದಿನಕ್ಕೆ ಆಗೋಷ್ಟು ಇರ್ಲಿಲ್ಲವಲ್ಲ, ಹೇಗೆ ಕೊಟ್ಟೆ?" ಎಂದೆ.

"ಜೋಡಿಸ್ದೆ," ಎಂದ ಅಣ್ಣ.

ಹೇಗೆ ಜೋಡಿಸಿದ ಎಂದು ನಾನು ಹೇಳಬೇಕಾಗಿಲ್ಲ, ನಿಮಗೆ ಹೊಳೆದಿರಬೇಕು. ಬಿಳಿಯದು, ದುಂಡಗಿನದು, ಒಂದೇ ಅಳತೆಯದು. ಗುಂಡಿ ಜೋಡಿಸಿದ ಹಾಗೆ ಹತ್ತು ಮಾತ್ರೆಯ ಒಂದು ಜೊತೆ ಮಾಡಿದ್ದ. ಡಬ್ಬವನ್ನು ಕತ್ತರಿಸುವ ಮೇಜಿನ ಮೇಲೆ ಸುರಿದೆ. ಅವನು ಬೇರೆ ತೆಗೆದಿಟ್ಟಿದ್ದರಲ್ಲಿ ಆರು ಉಳಿದಿದ್ದವು. ಎರಡು ಮೊದಲನೇ ಸಲದ ಮಾತ್ರೆ. ಇನ್ನೊಂದು ಎರಡನೇ ಸಲದ್ದು, ಅದು ಬೇರೆಯೇ ಮದ್ದು. ಒಂದು ಅಣ್ಣನ ಹಲ್ಲುನೋವಿನದು. ಉಳಿದೆರಡು ನನಗೆ ಗೊತ್ತಾಗಲಿಲ್ಲ. ಆಮೇಲೆ ಔಷಧಿ ಅಂಗಡಿಯವರು ನೋಡಿ ಹೇಳಿದರು, ಅದು ಸಕ್ಕರೆ ಕಾಯಿಲೆಯ ಮಾತ್ರೆ. ಮೂರು ವರ್ಷದ ಹಿಂದೆ ತೀರಿಕೊಂಡ ನಮ್ಮ ಅಪ್ಪನದು. ಊಟ ಸೇರದೆ ವಾಂತಿ ಮಾಡಿಕೊಳ್ಳುತ್ತಿರುವ ಹೆಂಗಸಿನ ಹೊಟ್ಟೆಗೆ ಅದೊಂದು ಬಿದ್ದಿದ್ದರೆ ರಕ್ತದ ಸಕ್ಕರೆ ಕುಸಿದು ಎಚ್ಚರ ತಪ್ಪುತ್ತಿತ್ತು.

ಲ್ಯಾಬಿನ ತಟ್ಟೆಯ ಗುಟ್ಟೂ ತಿಳಿಯಿತು. ನುಂಗಿದ ಮಾತ್ರೆ ಮೂತ್ರದಲ್ಲಿ ದಟ್ಟವಾಗಿ ಸೇರಿಕೊಂಡು ಕ್ರಿಮಿಗಳನ್ನು ಅರೆಬರೆ ಅಮುಕಿ ಇಟ್ಟಿತ್ತು. ಸಾಯಿಸಿರಲಿಲ್ಲ. ಹಾಗಾಗಿ ತಟ್ಟೆಯ ಮೇಲೆ ಅವು ಬೆಳೆಯಲೂ ಇಲ್ಲ, ಅವಳ ಮೈಯಲ್ಲಿ ಸುಮ್ಮನಿರಲೂ ಇಲ್ಲ. ಕಳ್ಳನನ್ನು ಹಿಡಿಯಲು ಹೋದ ನನಗೆ ಅಣ್ಣನೇ ದೀಪ ಆರಿಸಿದ್ದ.

ಆ ಮಧ್ಯಾಹ್ನವೇ ಅತ್ತಿಗೆಯನ್ನು ಆಸ್ಪತ್ರೆಗೆ ಸೇರಿಸಿದೆವು. ಸೋಂಕು ಮೂತ್ರಪಿಂಡಕ್ಕೆ ಏರಿದೆ, ಅಲ್ಲಿಂದ ರಕ್ತಕ್ಕೆ ಇಳಿದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರಮ್ಮ. ಈ ಸಲ ಬಚ್ಚಲಿನ ಬಾಗಿಲ ತನಕ ನಾನೇ ಜೊತೆಗೆ ಹೋಗಿ ಮಾದರಿ ತಂದೆ. ಅದಾದ ಮೇಲೆಯೇ ಸೂಜಿಯಲ್ಲಿ ಮದ್ದು ಶುರುವಾಯಿತು. ಯಾವ ಮದ್ದು ನಾಟುತ್ತದೆಂದು ಯಾರಿಗೂ ಗೊತ್ತಿರಲಿಲ್ಲ, ಹೆಚ್ಚಿನವರಿಗೆ ಕೆಲಸ ಮಾಡುವ ಒಂದನ್ನು ಡಾಕ್ಟರಮ್ಮ ಆರಿಸಿದರು. ರಿಪೋರ್ಟು ಬೇಗ ಕೊಡು ಎಂದು ನನಗೆ ಹೇಳಿದರು. ಬೇಗ ಕೊಡಲು ನನ್ನ ಕೈಯಲ್ಲಿ ಏನಿದೆ? ಎರಡು ದಿನ ಆಗಲೇ ಹುಕ್ಕಿನ ಡಬ್ಬಿಯಲ್ಲೂ ಗುಂಡಿಯ ಡಬ್ಬದಲ್ಲೂ ಹೋಗಿತ್ತು.

ಗುರುವಾರ ಜ್ವರ ಇಳಿಯಲಿಲ್ಲ. ಹಳೇ ಮಾತ್ರೆಗಳು ವಾಂತಿಯಲ್ಲಿ ಹೋಗಿದ್ದರಿಂದ ಈ ಸಲ ತಟ್ಟೆಯ ತುಂಬ ಗುಲಾಬಿ ಬಣ್ಣದ ಚುಕ್ಕೆಗಳು ಒತ್ತೊತ್ತಾಗಿ ಬೆಳೆದಿದ್ದವು. ಅದೇ ಕ್ರಿಮಿಯನ್ನು ತೆಗೆದು ಎರಡು ಹೊಸ ತಟ್ಟೆಗಳಿಗೆ ಸವರಿ, ಮೇಲೆ ಹನ್ನೆರಡು ಪುಟ್ಟ ಕಾಗದದ ಬಿಲ್ಲೆಗಳನ್ನು ಇಟ್ಟೆ. ಒಂದೊಂದು ಬಿಲ್ಲೆಯಲ್ಲಿ ಒಂದೊಂದು ಮದ್ದು.

ಶುಕ್ರವಾರ ಬೆಳಿಗ್ಗೆಯೂ ಜ್ವರ ಹಾಗೇ ಇತ್ತು. ಅಣ್ಣ ಲ್ಯಾಬಿನ ಕಿಟಕಿಯ ಮುಂದೆ ಬಂದು ನಿಂತಿದ್ದ. ಕುತ್ತಿಗೆಯಲ್ಲಿ ಟೇಪು ನೇತಾಡುತ್ತಿತ್ತು, ತೆಗೆದಿಡಲು ಮರೆತಿದ್ದ. ಇವಳ ಮೈಗೆ ಮಾತ್ರೆ ಒಗ್ಗಿಹೋಗಿರಬೇಕು, ಅದಕ್ಕೇ ನಾಟುತ್ತಿಲ್ಲ ಎಂದು ತಾನೇ ಹೇಳಿಕೊಂಡ. ಇನ್ನೂ ತಪ್ಪೆಲ್ಲ ಅವಳ ಮೈಯದೇ. ಮುಚ್ಚಳಕ್ಕೆ ಅಂಟುಪಟ್ಟಿ ಹಚ್ಚಿದ ತಟ್ಟೆಗಳನ್ನು ತಂದು ಗಾಜಿನ ಈಚೆಯಿಂದ ಹಿಡಿದು ತೋರಿಸಿದೆ.

"ಒಗ್ಗಿರೋದು ಅವಳ ಮೈಗಲ್ಲ, ಕ್ರಿಮಿಗೆ. ನೋಡು ಇಲ್ಲಿ. ಈ ಬಿಲ್ಲೆ ಸುತ್ತ ಖಾಲಿ ಬಿಟ್ಟಿದೆಯಲ್ಲ, ಅಲ್ಲಿ ಕ್ರಿಮಿ ಬೆಳೆಯೋಕಾಗ್ಲಿಲ್ಲ. ಈ ಮದ್ದು ನಾಟುತ್ತೆ. ಆ ಖಾಲಿ ಜಾಗ ಎಷ್ಟು ಅಗಲ ಇರ್ಬೇಕು ಅಂತ ಒಂದೊಂದು ಮದ್ದಿಗೂ ಒಂದೊಂದು ಅಳತೆ ಇದೆ. ನಾವು ಸ್ಕೇಲಿಟ್ಟು ಅಳೀತೀವಿ."

ಅಳತೆ ಎಂದಾಗ ಅಣ್ಣ ಮೊದಲನೇ ಸಲ ಹತ್ತಿರ ಬಂದ. ಕಣ್ಣು ಕಿರಿದು ಮಾಡಿ ಒಂದೊಂದೇ ಬಿಲ್ಲೆ ಎಣಿಸಿದ. ಮೂರರ ಸುತ್ತ ಮಾತ್ರ ಖಾಲಿ ವೃತ್ತ ಇತ್ತು. ಉಳಿದ ಒಂಬತ್ತರ ಅಂಚಿಗೇ ಬಂದು ಕ್ರಿಮಿ ಬೆಳೆದಿತ್ತು, ಅಲ್ಲಿ ಮದ್ದು ಇಟ್ಟೇ ಇಲ್ಲ ಎಂಬಂತೆ.

"ನಾನ್ ಕೊಟ್ಟಿದ್ದು ಯಾವ್ದು ಇದರಲ್ಲಿ?" ಎಂದ.

ಮೊದಲನೇ ಸಲದ ಮದ್ದು, ಎರಡನೇ ಸಲದ ಮದ್ದು ಎಂದು ಎರಡು ಬಿಲ್ಲೆಗಳನ್ನು ತೋರಿಸಿದೆ. ಎರಡರ ಸುತ್ತಲೂ ಅಳತೆ ಸೊನ್ನೆ. ಮೂತ್ರದಲ್ಲಿ ದಟ್ಟವಾಗಿ ಸೇರಿದ್ದಾಗ ಒಂದಿಷ್ಟು ಹೊತ್ತು ಅಮುಕಿದ್ದವು, ಅಷ್ಟೆ. ಬುಧವಾರದಿಂದ ಸೂಜಿಯಲ್ಲಿ ಹೋಗುತ್ತಿದ್ದ ಮದ್ದಿನದೂ ಸೊನ್ನೆಯೇ. ಅರ್ಧಂಬರ್ಧ ಮಾತ್ರೆ ನುಂಗಿದಾಗ ಬಡಕಲು ಕ್ರಿಮಿಗಳು ಸಾಯುತ್ತವೆ, ಗಟ್ಟಿಗಳು ಉಳಿಯುತ್ತವೆ, ಉಳಿದವೇ ಮನೆ ತುಂಬ ಮಕ್ಕಳು ಮಾಡುತ್ತವೆ ಎಂದೆ. ಬೇಗ ಬೇಗ ಎಂದು ನೀನು ಅಳತೆ ತೆಗೆಯದೆ ಬಟ್ಟೆ ಕತ್ತರಿಸುತ್ತೀಯಾ ಎಂದು ಕೇಳಿದೆ. ಅವನು ಕುತ್ತಿಗೆಯ ಟೇಪು ತೆಗೆದು ಸುರುಳಿ ಸುತ್ತಿ ಜೇಬಿಗೆ ಹಾಕಿಕೊಂಡ. ನನಗೆ ಸಿಟ್ಟು ಇಳಿದಿರಲಿಲ್ಲ, ಆದರೂ ಅವನನ್ನು ನೋಡಿ ಪಾಪ ಅನ್ನಿಸಿತು.

ಹತ್ತು ಗಂಟೆಗೆ ರಿಪೋರ್ಟು ಡಾಕ್ಟರಮ್ಮನ ಕೈ ಸೇರಿತು. ಹತ್ತೂವರೆಗೆ ಹಳೇ ಮದ್ದು ನಿಲ್ಲಿಸಿ, ಖಾಲಿ ವೃತ್ತ ಬಿಟ್ಟಿದ್ದ ಮೂರರಲ್ಲಿ ಒಂದನ್ನು ಶುರು ಮಾಡಿದರು. ಶನಿವಾರ ಸಂಜೆ ನಡುಕ ನಿಂತಿತು. ಭಾನುವಾರ ಅತ್ತಿಗೆ ದಿಂಬಿಗೆ ಒರಗಿ ಕೂತು ಗಂಜಿ ಕುಡಿದಳು. ಅಣ್ಣ ಮಂಚದ ಪಕ್ಕ ಕೂತು, ಮನಸ್ಸಿಗೆ ಹಚ್ಚಿಕೊಳ್ಳಬೇಡ, ನಿನಗೆ ಒಳ್ಳೆಯದಾಗಲೆಂದೇ ಮಾಡಿದೆ ಎಂದು ಏನೇನೋ ಹೇಳುತ್ತಿದ್ದ. ಅತ್ತಿಗೆ ಲೋಟ ಕೆಳಗಿಟ್ಟಳು. ಹದಿನೆಂಟು ವರ್ಷದಲ್ಲಿ ಅವನಿಗೆ ಎದುರಾಡಿದವಳಲ್ಲ. ಆವತ್ತೂ ದನಿ ಏರಿಸಲಿಲ್ಲ.

"ಗಿರಾಕಿ ಅಂಗಿಗೆ ಒಂದೇ ಒಂದು ಗುಂಡಿ ಬೇರೆ ಥರದ್ದು ಬಿದ್ರೆ ನೀವು ಬಿಚ್ಚಿಸ್ತೀರಿ. ನನ್ನ ಹೊಟ್ಟೆಗೆ ಮಾತ್ರ ಯಾವ್ದಾದ್ರೂ ನಡೀತು."

ನಾನು ಅಷ್ಟು ದಿನ ತಟ್ಟೆ ತೋರಿಸಿ, ಬಾಯಿ ಒಣಗಿಸಿಕೊಂಡು ಹೇಳಿದ್ದಕ್ಕಿಂತ ಆ ಒಂದು ಮಾತು ಅಣ್ಣನಿಗೆ ಚೆನ್ನಾಗಿ ಹೊಲಿಗೆ ಬಿತ್ತು. ಮರುದಿನ ಗುಂಡಿ ಡಬ್ಬದ ಮಾತ್ರೆಗಳನ್ನೆಲ್ಲ ಚೀಲಕ್ಕೆ ಹಾಕಿ ಆಸ್ಪತ್ರೆಯ ಔಷಧಿ ವಿಭಾಗಕ್ಕೆ ತಂದುಕೊಟ್ಟ. ಬಚ್ಚಲಿಗೆ ಚಿಲಕ ಹಾಕಿಸಿದ. ಅತ್ತಿಗೆಯ ಯಂತ್ರದ ಪಕ್ಕ ಒಂದು ತಂಬಿಗೆ ನೀರು ಇಟ್ಟ. ಅವಳು ಮನೆಗೆ ಬಂದ ಮೇಲೆ, ಮಾತ್ರೆ ಮುಗಿಯುವ ದಿನದವರೆಗೆ ಗೋಡೆಯ ಮೇಲೆ ದರ್ಜಿ ಸೀಮೆಸುಣ್ಣದಲ್ಲಿ ಗೆರೆ ಎಳೆದು ಲೆಕ್ಕ ಇಟ್ಟ. ಅರವತ್ತು ಜೊತೆ ಸಮವಸ್ತ್ರ ತಡವಾಯಿತು. ಶಾಲೆಯೇನೂ ಮುಳುಗಿಹೋಗಲಿಲ್ಲ.

ಈಗ ಅವನದೇ ಬೇರೆ ಕಾಟ. ಅಳತೆ ಕೊಡಲು ಬಂದವರನ್ನು ಅರ್ಧ ಗಂಟೆ ನಿಲ್ಲಿಸಿಕೊಂಡು ಕಲ್ಚರ್ ಪರೀಕ್ಷೆಯ ಬಗ್ಗೆ ಭಾಷಣ ಮಾಡುತ್ತಾನೆ. ಹುಕ್ಕು ತುಂಬಿದ ಆ ಡಬ್ಬಿಯನ್ನು ಎತ್ತಿ ತೋರಿಸಿ, ಇದು ಯಾತಕ್ಕೆ ಗೊತ್ತೇನ್ರೀ ಎಂದು ಕೇಳುತ್ತಾನೆ. ಪರೀಕ್ಷೆ ಕಂಡುಹಿಡಿದವನೇ ತಾನು ಎಂಬ ಧಾಟಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಇರಲಿ, ಉರಿಯಿತಲ್ಲ.

ಇನ್ನು ನಿಮ್ಮ ವಿಷಯ. ನಮ್ಮ ಮನೆಯಲ್ಲಿ ಅಂಥ ಡಬ್ಬ ಇಲ್ಲ ಅನ್ನಬೇಡಿ, ಇದೆ. ಕಪಾಟಿನ ಮೇಲೋ, ಕೈಚೀಲದ ಜೇಬಿನಲ್ಲೋ, ಕನ್ನಡಿಯ ಹಿಂದೆಯೋ ಇದೆ. ಎದ್ದು ಹೋಗಿ ತೆಗೆಯಿರಿ. ಉಳಿದ ಮಾತ್ರೆಯನ್ನು ಮುಂದಿನ ಸಲಕ್ಕೆ ಇಡಬೇಡಿ, ಪಕ್ಕದ ಮನೆಯವರಿಗೆ ಕೊಡಬೇಡಿ, ಆಸ್ಪತ್ರೆಗೋ ಔಷಧಿ ಅಂಗಡಿಗೋ ಕೊಟ್ಟು ಹೇಗೆ ಬಿಸಾಡಬೇಕೆಂದು ಕೇಳಿ. ಡಾಕ್ಟರು ಎಷ್ಟು ದಿನ ಎಂದರೋ ಅಷ್ಟು ದಿನ ನುಂಗಿ, ಹುಷಾರಾದಿರಿ ಎಂದು ನಡುವೆ ನಿಲ್ಲಿಸಬೇಡಿ. ಸೋಂಕು ಮತ್ತೆ ಮತ್ತೆ ಬಂದರೆ, ಮಾತ್ರೆ ನುಂಗಿದರೂ ಇಳಿಯದಿದ್ದರೆ, ಕಲ್ಚರ್ ಮಾಡಿಸಬೇಕೇ ಎಂದು ನೀವೇ ಬಾಯಿ ಬಿಟ್ಟು ಕೇಳಿ. ಮಾದರಿಯನ್ನು ಲ್ಯಾಬಿನವರು ಕೊಟ್ಟ ಡಬ್ಬಿಯಲ್ಲೇ, ಮಾತ್ರೆ ನುಂಗುವ ಮೊದಲೇ ಕೊಟ್ಟು, ತಡಮಾಡದೆ ತಲುಪಿಸಿ. ಮೊದಲೇ ಏನಾದರೂ ನುಂಗಿದ್ದರೆ ಮುಚ್ಚಿಡಬೇಡಿ, ನಾವು ಬೈದರೂ ಬೈಸಿಕೊಳ್ಳಿ. ಆಮೇಲೆ ಎರಡು ಮೂರು ದಿನ ತಾಳ್ಮೆ ಇರಲಿ. ಚಳಿ ಜ್ವರ, ಪಕ್ಕೆನೋವು, ವಾಂತಿ ಬಂದರೆ ಮಾತ್ರ ಯಾವ ರಿಪೋರ್ಟಿಗೂ ಕಾಯದೆ ಆಸ್ಪತ್ರೆಗೆ ಬನ್ನಿ.

ನಮ್ಮ ಅತ್ತಿಗೆಯ ತಟ್ಟೆಯಲ್ಲಿ ಹನ್ನೆರಡು ಮದ್ದುಗಳ ಪೈಕಿ ಮೂರು ಉಳಿದಿದ್ದವು, ಅವಳೂ ಉಳಿದಳು. ಮುಂದಿನವರ ತಟ್ಟೆಯಲ್ಲಿ ಎಷ್ಟು ಉಳಿದಿರುತ್ತವೋ ನನಗೆ ಗೊತ್ತಿಲ್ಲ. ಒಂದೂ ಉಳಿಯದ ತಟ್ಟೆಯನ್ನು ಕೈಯಲ್ಲಿ ಹಿಡಿದು, ಕಿಟಕಿಯ ಆಚೆ ಕಾಯುತ್ತಿರುವ ನಿಮ್ಮ ಮನೆಯವರ ಮುಖ ನೋಡುವ ಕೆಲಸವನ್ನು ನನಗೆ ಕೊಡಬೇಡಿ.